ಶಾಸನಪ್ರಕಟನೆಯ ಧರ್ಮ: ಕೊಪಣದ ಕಲ್ಲುಗಳಿಂದ ಕೆಲವು ನಿದರ್ಶನಗಳು

ಕೊಪಣವೆಂಬ ಹೆಸರು ಕನ್ನಡ ವಾಙ್ಮಯದಲ್ಲಿ ಎಷ್ಟು ಪ್ರಾಚೀನವಾದುದೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆನಿಸಿದ ನಾಡನ್ನು ಹೇಳುವಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಹೆಸರಿಸಿರುವುದು. ಶ್ರವಣಬೆಳಗೊಳದ ಶಾಸನಗಳಲ್ಲಿ ಅದು ಜೈನರ ಮಹಾತೀರ್ಥವಾಗಿ ಕಾಣಿಸಿಕೊಳ್ಳುವುದು. ಆ ಕೊಪಣವೇ ಇಂದಿನ ಕೊಪ್ಪಳ. ನಿಜಾಮರ ಆಳಿಕೆಯಲ್ಲಿ ಇದು ಸಾಲಾರ್ ಜಂಗರ ಜಹಗೀರಿಗೆ ಸೇರಿ, ಇಂಗ್ಲಿಷ್ ಬರವಣಿಗೆಯಲ್ಲಿ 'ಕೋಪ್‌ಬಾಳ್' ಎಂಬ ವಿಕಾರರೂಪವನ್ನು ತಾಳಿದ್ದಿತು. ಕನ್ನಡ ಬಾರದ ಗುಮಾಸ್ತನ ಕೈಯಲ್ಲಿ ಊರಿನ ಹೆಸರು ಏನಾಗಬಹುದೆಂಬುದಕ್ಕೆ ಇದೊಂದು ಸಾಕ್ಷಿ.

ಈ ಲೇಖನದಲ್ಲಿ ಕೊಪಣದ ಇತಿಹಾಸವನ್ನು ಹೇಳುವ ಉದ್ದೇಶವಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಸೀಮೆಯಲ್ಲಿ ಕಲ್ಲಿನ ಮೇಲೆ ಇದ್ದ ಅಕ್ಷರಗಳು ಅಚ್ಚಿನ ಪುಟಕ್ಕೆ ಬಂದ ಬಗೆಯನ್ನು ನೋಡಿ, ವಿದ್ವತ್ಪತ್ರಿಕೆಯಲ್ಲಿ ಬರೆಯುವವನಿಗೂ ಅದನ್ನು ಹೊರಡಿಸುವವನಿಗೂ ಇರತಕ್ಕ ಹೊಣೆ ಯಾವುದೆಂಬುದನ್ನು ವಿಚಾರಿಸಬೇಕೆಂದಿದೆ. ಈಗ ಈ ವಿಷಯವಾಗಿ ಬಗೆಬಗೆಯ ನಿಯಮಾವಳಿಗಳು ಹೊರಟಿರುವುವು. ಆದರೆ ನಿಯಮವನ್ನು ಓದುವುದಕ್ಕಿಂತಲೂ ನಡೆದ ಸಂಗತಿಯನ್ನು ನೋಡುವುದು ಹೆಚ್ಚು ಉಪಯುಕ್ತವೆಂದು ನಮಗೆ ತೋರುವುದು.

ಕೊಪ್ಪಳದ ಎರಡು ಬೆಟ್ಟಗಳ ಮೇಲೆ ಅಶೋಕನ ಲಘು ಶಿಲಾಶಾಸನಗಳಿವೆ. ಒಂದು ಗವಿಮಠದ ಬೆಟ್ಟದಲ್ಲಿ. ಮತ್ತೊಂದು, ಜನರು ಇಂದ್ರಕೀಲವೆಂದು ಕರೆದು ಅರ್ಜುನನು ತಪಸ್ಸು ಮಾಡಿದ ಸ್ಥಳವೆಂದು ನಂಬುವ ಪಾಲ್ಕಿಗುಂಡಿನಲ್ಲಿ. ಇವುಗಳನ್ನು 1931ನೆಯ ಇಸವಿಯಲ್ಲಿ ಕಂಡುಹಿಡಿದವರು ಎನ್. ಬಿ. ಶಾಸ್ತ್ರಿಗಳು. ಮರುವರ್ಷವೇ, ಎಂದರೆ 1932ರಲ್ಲಿ, ಲಂಡನ್ ವಿಶ್ವವಿದ್ಯಾಲಯದ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಆರ್. ಎಲ್. ಟರ್ನರ್ ಸಾಹೇಬರು ಅವನ್ನು ಸಂಪಾದಿಸಿದರು. ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯ ಗ್ರಂಥಮಾಲೆಯಲ್ಲಿ ಹತ್ತನೆಯ ಪುಸ್ತಕವಾಗಿ ಅವು ಪ್ರಕಟವಾದುವು. ಓದಿದವರು ದೊಡ್ಡ ವಿದ್ವಾಂಸರು. ಕಂಡವರು ಊರಿನ ಕಡೆಯವರು. ಜಗತ್ತಿನ ರೂಢಿಯಂತೆ ಓದಿದವರ ಹೆಸರು ಉಳಿದು ಕಂಡವರ ಹೆಸರು ಅಳಿಯುವುದು ಸುಲಭವಾಗಿದ್ದಿತು. ಆದರೆ ಶಾಸ್ತ್ರಿಗಳ ಹೆಸರು ಆ ಶಾಸನಗಳ ವೃತ್ತಾಂತದೊಡನೆ ಇಂದಿಗೂ ಸೇರಿಕೊಂಡೇ ಬಂದಿರುವುದು. ಇದಕ್ಕೆ ಹದಿನಾರು ವರ್ಷಗಳ ಮೊದಲು, 1915ರಲ್ಲಿ, ನೆರೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವು ಮೊತ್ತಮೊದಲು ದೊರೆತಾಗಲೂ ಹೀಗೆಯೇ ಆಯಿತು. ಅದನ್ನು ಕಂಡ ಬೀಡನ್ ಎಂಬವರು ಚಿನ್ನದ ಅದಿರನ್ನು ಅರಸುತ್ತಿದ್ದ ಎಂಜಿನಿಯರು. ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಇಬ್ಬರ ಹೆಸರೂ ಉಳಿದಿವೆ.

ಹೆಸರನ್ನು ಉಳಿಸುವುದು ಕೇವಲ ಸೌಜನ್ಯವೆಂದು ಭಾವಿಸತಕ್ಕದ್ದಲ್ಲ. ಯಾರು, ಯಾವಾಗ, ಎಲ್ಲಿ ಕಂಡರೆಂಬುದು ಗೊತ್ತಿದ್ದರೆ ಮಾತ್ರ ಆ ವಸ್ತುವಿನ ಪೂರ್ವೋತ್ತರವನ್ನು ಇನ್ನೊಬ್ಬನು ಪರೀಕ್ಷಿಸಬಲ್ಲನು. ಆದುದರಿಂದ ಹೆಸರು ಪ್ರಮಾಣದ ಒಂದು ಅಂಗ. ಬ್ರಹ್ಮಗಿರಿಯಲ್ಲಿ ಇದೇ ಅಶೋಕನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನು ಕೊರೆದು, ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿರುವನು. ಆ ಒಂದು ಪದದಿಂದಲೇ ಅವನಿಗೆ ವಾಯವ್ಯದೇಶದ ಲಿಪಿಯ ಪರಿಚಯವಿದ್ದಿತೆಂದು ನಮಗೆ ತಿಳಿದಿರುವುದು. ಅವನು ವಿನಯದಿಂದ ಹೆಸರನ್ನು ಬಿಟ್ಟಿದ್ದರೆ ಇತಿಹಾಸಕ್ಕೆ ನಷ್ಟವಾಗುತ್ತಿದ್ದಿತು. ಮಳೆಬಿಸಿಲೆನ್ನದೆ ಬಂಡೆಗೆ ಕಾಗದವನ್ನು ಒತ್ತಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚನ್ನು ತೆಗೆದವರ ಹೆಸರುಗಳು ಮಾತ್ರ ನಮ್ಮ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಕಾಣಬರುವುದಿಲ್ಲ. ಇದು ಸರಿಯಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಶೋಕನ ಲಘು ಶಾಸನದಲ್ಲಿ ಜಂಬೂದ್ವೀಪದ ದೇವತೆಗಳನ್ನು ಕುರಿತು ಒಂದು ವಾಕ್ಯವಿರುವುದು. ಅದರಲ್ಲಿ 'ಅಮಿಸಾ' ಎಂಬ ಪದವೂ, ಮಸ್ಕಿ ಮತ್ತು ಗವಿಮಠದ ಪಾಠಗಳಲ್ಲಿ ಅದಕ್ಕೆ ಎದುರಾಗಿ 'ಮಿಸಿಭೂತಾ' ಎಂಬ ಪದವೂ ಬರುವುವು. ಉತ್ತರದೇಶದ ಪಾಠಗಳನ್ನು 1877ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದ ಬ್ಯೂಲರ್ ಸಾಹೇಬರು ಈ ಪದವನ್ನು ಸಂಸ್ಕೃತದ 'ಮೃಷಾ' ಎಂಬುದರ ರೂಪವೆಂದು ಎಣಿಸಿದರು. ಹಾಗಾದರೆ ವಾಕ್ಯದ ತಾತ್ಪರ್ಯವೇನಾಗುವುದು? ಅದುವರೆಗೆ ಸತ್ಯವೆಂದು ನಂಬಲಾಗಿದ್ದ ದೇವತೆಗಳನ್ನು ಅಶೋಕನು ಸುಳ್ಳು ಮಾಡಿದನೆಂದು ಆಗುವುದು. ಪರಮತವನ್ನು ನಿಂದಿಸಬಾರದೆಂದು ಬಂಡೆಬಂಡೆಗೂ ಬರೆಯಿಸಿದ ಅರಸನು ಇನ್ನೊಂದು ಬಂಡೆಯ ಮೇಲೆ ಜನರ ದೇವತೆಗಳನ್ನು ಹುಸಿ ಮಾಡಿದೆನೆಂದು ಮೆರೆದಂತಾಯಿತು! ಬ್ಯೂಲರರು ಸಾಮಾನ್ಯರಲ್ಲ, ಅವರ ಮಾತು ಕಾಲು ಶತಮಾನಕ್ಕೂ ಮೇಲ್ಪಟ್ಟು ನಡೆಯಿತು. ಅಶೋಕನ ಶೀಲದ ಮೇಲೆ ಒಂದು ಪದದ ಕಾರಣದಿಂದ ಕಲಂಕವು ನಿಂತಿತು.

1911ರಲ್ಲಿ ಫ್ರಾನ್ಸಿನ ಸಿಲ್ವೇನ್ ಲೆವಿ ಅವರು ಪ್ಯಾರಿಸಿನ ಏಷ್ಯಾಟಿಕ್ ಪತ್ರಿಕೆಯಲ್ಲಿ ಈ ಅರ್ಥವನ್ನು ನಿರಾಕರಿಸಿ, ಪದವು 'ಮಿಶ್ರ' ಎಂಬುದರಿಂದ ಬಂದುದೆಂದು ಸಾಧಿಸಿದರು. ಇದುವರೆಗೆ ಮನುಷ್ಯರೊಡನೆ ಬೆರೆಯದೆ ಇದ್ದ ದೇವತೆಗಳು ಈಗ ಧರ್ಮಾಚರಣೆಯಿಂದ ಅವರೊಡನೆ ಬೆರೆತರೆಂಬುದು ತಾತ್ಪರ್ಯ. ಈ ನಿರ್ಣಯವು ಎಷ್ಟು ಸಾಧುವೆಂಬುದನ್ನು ವ್ಯಾಕರಣವನ್ನು ಬಲ್ಲವರು ಸುಲಭವಾಗಿ ಕಾಣಬಹುದು. ಮೊದಲನೆಯದಾಗಿ, 'ಮೃಷಾ' ಶಬ್ದವು ಪ್ರಾಕೃತದಲ್ಲಿ 'ಮುಸಾ' ಎಂದಾಗುವುದು. ಅಶೋಕನದೇ ಆದ ಭಾಬ್ರಾ ಶಾಸನದಲ್ಲಿ 'ಮುಸಾವಾದ' ಎಂಬ ಪ್ರಯೋಗವಿರುವುದರಿಂದ ಬೇರೆ ಸಾಕ್ಷಿ ಬೇಡ. ಎರಡನೆಯ ಯುಕ್ತಿಯನ್ನು ನಾವು ಪಾಣಿನೀಯದಿಂದ ಸೇರಿಸುವೆವು. ಅಭೂತತದ್ಭಾವದಲ್ಲಿ ಚ್ವಿ ಪ್ರತ್ಯಯವು ಬಂದಾಗ ಅಕಾರಾಂತ ಶಬ್ದದ ಕೊನೆಯ ಸ್ವರವು ಈಕಾರವಾಗುವುದು. 'ಮಿಶ್ರ' ಶಬ್ದವು 'ಮಿಶ್ರೀಭೂತ' ಎಂದಾಗುವುದು ಹೀಗೆ. 'ಮೃಷಾ' ಎಂಬುದಾದರೋ ಅವ್ಯಯ. ಅವ್ಯಯಕ್ಕೆ ಚ್ವಿಯಲ್ಲಿ ಈತ್ವವಿಲ್ಲವೆಂದು ವಾರ್ತಿಕವೇ ಇರುವುದು. 'ದಿವಾಭೂತಾ ರಾತ್ರಿಃ' ಎಂಬುದು ಪಾಠಶಾಲೆಯ ಹುಡುಗರಿಗೂ ಗೊತ್ತಿರುವ ಉದಾಹರಣೆ. ಆದುದರಿಂದ 'ಮೃಷಾಭೂತ' ಎಂದಾಗಬಹುದೇ ಹೊರತು 'ಮಿಸಿಭೂತ'ಕ್ಕೆ ಆ ಕಡೆಯಿಂದ ದಾರಿಯಿಲ್ಲ. ಪ್ರಾಕೃತವು ಪಾಣಿನಿಗೆ ಅಧೀನವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪವನ್ನು ಒಪ್ಪಬಹುದು. ಆದರೂ ಎರಡು ಯುಕ್ತಿಗಳು ಒಂದೇ ಕಡೆಗೆ ಬೆರಳು ತೋರಿಸುವಾಗ ಸಂಶಯಕ್ಕೆ ಎಡೆ ಕಡಿಮೆ.

ಲೆವಿಯವರು ಬರೆದ ನಾಲ್ಕು ವರ್ಷಗಳ ಮೇಲೆ ಮಸ್ಕಿಯ ಕಲ್ಲು ದೊರೆಯಿತು. ಇಪ್ಪತ್ತು ವರ್ಷಗಳ ಮೇಲೆ ಗವಿಮಠದ ಕಲ್ಲು. ಪಾಲ್ಕಿಗುಂಡಿನ ಶಾಸನವು ಬಹಳ ಸವೆದುಹೋಗಿದೆ; ಗವಿಮಠದ್ದಾದರೋ ಈ ಜಾತಿಯ ಶಾಸನಗಳಲ್ಲೆಲ್ಲ ಚೆನ್ನಾಗಿ ಉಳಿದುಬಂದವುಗಳಲ್ಲಿ ಒಂದು. ಹೀಗೆ ಕೊಪ್ಪಳದ ಬಂಡೆಯು ಒಬ್ಬ ಸಮ್ರಾಟನ ಮೇಲಣ ಅಪವಾದವನ್ನು ಕಳೆಯಲು ಸಾಕ್ಷಿಯಾಗಿ ನಿಂತಿತು. ಇದರಲ್ಲಿ ನಾವು ಗಮನಿಸತಕ್ಕ ಅಂಶವೊಂದುಂಟು. ಬ್ಯೂಲರರು ತಪ್ಪಿದ್ದು ಅರ್ಥದಲ್ಲಿ. ಆದರೆ ಪಾಠವನ್ನು ಪಾಠವಾಗಿಯೇ ಅಚ್ಚಿಸಿ, ಅರ್ಥವನ್ನು ಬೇರೆಯಾಗಿ ಕೊಟ್ಟಿದ್ದರು. ತಮಗೆ ತೋರಿದ ಅರ್ಥಕ್ಕೆ ಅನುಕೂಲವಾಗುವಂತೆ 'ಮಿಸಾ' ಎಂಬುದನ್ನು 'ಮುಸಾ' ಎಂದು ತಿದ್ದಿ ಅಚ್ಚು ಹಾಕಿಸಿದ್ದರೆ, ಪ್ಯಾರಿಸಿನಲ್ಲಿ ಕುಳಿತ ಲೆವಿಯವರಿಗೆ ಖಂಡಿಸಲು ಆಧಾರವೇ ಸಿಕ್ಕುತ್ತಿರಲಿಲ್ಲ. ತನ್ನನ್ನು ಖಂಡಿಸಲು ಬೇಕಾದ ಸಾಧನವನ್ನು ಓದುಗನ ಕೈಗೆ ತಾನೇ ಕೊಡುವುದು ವಿದ್ವತ್ಪ್ರಕಟನೆಯ ಮೊದಲ ಧರ್ಮವೆಂದು ನಮ್ಮ ಅಭಿಪ್ರಾಯ. ಅಳಿದ ಅಕ್ಷರವನ್ನು ಕಂಸದಲ್ಲಿ ಹಾಕುವುದು, ತಿದ್ದುಪಾಡನ್ನು ಅಡಿಟಿಪ್ಪಣಿಗೆ ಇಳಿಸುವುದು, ಪಡಿಯಚ್ಚಿನ ಚಿತ್ರವನ್ನು ಕೊಡುವುದು, ಇವೆಲ್ಲಕ್ಕೂ ಮೂಲ ಇದೇ.

ಸಂಪಾದಕನ ಹೊಣೆಗೆ ಇದಕ್ಕಿಂತಲೂ ಹಳೆಯ ನಿದರ್ಶನವು ಅಶೋಕನ ವಿಷಯದಲ್ಲಿಯೇ ಇದೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯ ಸಂಪಾದಕರಾಗಿದ್ದ ಜೇಮ್ಸ್ ಪ್ರಿನ್ಸೆಪ್ಪರು 1837ರಲ್ಲಿ ಬ್ರಾಹ್ಮಿಯನ್ನು ಓದಿ, ಶಾಸನಗಳ 'ದೇವಾನಾಂಪ್ರಿಯ'ನು ಸಿಂಹಳದ ಅರಸನಾದ ತಿಸ್ಸನೆಂದು ಬರೆದರು. ಸಿಂಹಳದಲ್ಲಿದ್ದ ಟರ್ನರ್ ಎಂಬ ಅಧಿಕಾರಿಗಳು (ಇವರು ಮೇಲೆ ಹೇಳಿದವರಲ್ಲ, ಜಾರ್ಜ್ ಟರ್ನರರು) ದೀಪವಂಶವೆಂಬ ಪಾಲಿಗ್ರಂಥದ ಆಧಾರದಿಂದ ಅವನು ಅಶೋಕನೆಂದು ತೋರಿಸಿದರು. ಪ್ರಿನ್ಸೆಪ್ಪರು ಆ ಲೇಖನವನ್ನು ಮುಚ್ಚಿಡಲಿಲ್ಲ, ತಮ್ಮ ಹೆಸರಿನಿಂದ ಹೇಳಲೂ ಇಲ್ಲ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಟರ್ನರರ ಹೆಸರಿನಲ್ಲಿಯೇ ಅಚ್ಚಿಸಿದರು. ಪತ್ರಿಕೆಯ ಕೀಲಿಕೈ ತನ್ನ ಹತ್ತಿರವಿರುವಾಗ ಹೀಗೆ ನಡೆಯುವುದು ಸುಲಭವಲ್ಲ.

ಪ್ರಮಾಣಕ್ಕೂ ಊಹೆಗೂ ನಡುವಣ ಗೆರೆಯನ್ನು ಕಾಯುವುದು ಮತ್ತೊಂದು ಹೊಣೆ. ಪಾಲ್ಕಿಗುಂಡಿನ ಮೇಲೆ ಕಲ್ಲಿನಲ್ಲಿ ಕೊರೆದ ಎರಡು ಪಾದಗಳಿವೆ. ಪಕ್ಕದಲ್ಲಿ ಚಿಕ್ಕದೊಂದು ಕನ್ನಡ ಬರಹ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬಷ್ಟೇ ಅದರ ಒಕ್ಕಣೆ. ಇದನ್ನೂ, ಶಕವರ್ಷ 803ರಲ್ಲಿ, ಎಂದರೆ ಕ್ರಿ. ಶ. 881ರಲ್ಲಿ, ಇಲ್ಲಿ ಸಮಾಧಿಯನ್ನು ಪಡೆದ ಸರ್ವನಂದಿ ಭಟಾರನ ಶಾಸನವನ್ನೂ, ಇನ್ನಿತರ ಶಾಸನಗಳನ್ನೂ ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಹೈದರಾಬಾದಿನ ಅದೇ ಗ್ರಂಥಮಾಲೆಯ ಹನ್ನೆರಡನೆಯ ಪುಸ್ತಕದಲ್ಲಿ ಪ್ರಕಟಿಸಿದರು. ಅತ್ತ ಕೊಲ್ಲಾಪುರದಲ್ಲಿ ಡಾಕ್ಟರ್ ಆ. ನೇ. ಉಪಾಧ್ಯೇ ಅವರು ವರಾಂಗಚರಿತವೆಂಬ ಸಂಸ್ಕೃತ ಕಾವ್ಯದ ಓಲೆಪ್ರತಿಗಳನ್ನು ಪರಿಶೋಧಿಸಿ, ರವಿಷೇಣನದೆಂದು ಹಿಂದೆ ಎಣಿಸಲಾಗಿದ್ದ ಆ ಕಾವ್ಯವು ಜಟಾಸಿಂಹನಂದಿಯದೆಂದು ಸ್ಥಾಪಿಸಿದ್ದರು. ಕಾವ್ಯವು 1938ರಲ್ಲಿ ಅವರ ಸಂಪಾದಕತ್ವದಲ್ಲಿ ಅಚ್ಚಾಯಿತು. ಕರ್ತೃವಿನ ನಿರ್ಣಯಕ್ಕೆ ಕನ್ನಡ ಕವಿಗಳು ಮಾಡಿದ ಸ್ಮರಣೆಯು ಬಹಳ ನೆರವಾಯಿತೆಂಬುದು ನಮಗೆ ಸಂತೋಷದ ಸಂಗತಿ.

ಬಂಡೆಯ ಆಚಾರ್ಯನೂ ಕಾವ್ಯದ ಆಚಾರ್ಯನೂ ಒಬ್ಬನೆಯೆ? ಹೆಸರು ವಿರಳವಾದುದು, ಇಬ್ಬರೂ ಜೈನಾಚಾರ್ಯರು, ಕೊಪಣವು ಜೈನತೀರ್ಥ. ಆದುದರಿಂದ ಒಬ್ಬನೇ ಆಗಿರುವ ಸಂಭವವು ಬಲವಾದುದೇ. ಆದರೂ ಅದು ಸಂಭವ. ಅಕ್ಷರಗಳು ತಿಳಿಸುವುದು ಚಾವಯ್ಯನ ಕಾಲವನ್ನು, ಆಚಾರ್ಯನ ಕಾಲವನ್ನಲ್ಲ. ಅವು ಕವಿಯ ಕಾಲಕ್ಕಿಂತ ಈಚಿನವಾಗಿಯೂ ಇವೆ. ಪಾದಗಳನ್ನು ಕೊರೆದ ಮಾತ್ರಕ್ಕೆ ಆಚಾರ್ಯನು ಅಲ್ಲಿಯೇ ಮುಡಿಪಿದನೆಂದೂ ಹೇಳುವ ಹಾಗಿಲ್ಲ. ಆದರೆ ಈಚೆಗೆ ಹೊರಡುವ ಕೆಲವು ಬರಹಗಳಲ್ಲಿ ಈ 'ಆಗಿರಬಹುದು' ಎಂಬುದು ಒಂದು ಲೇಖನದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 'ಆಗಿದ್ದಾನೆ' ಎಂದಾಗಿ, ಮೂರನೆಯದರಲ್ಲಿ ಕವಿಯು ಕೊಪಣದಲ್ಲಿಯೇ ಹುಟ್ಟಿದನೆಂಬವರೆಗೆ ಬೆಳೆದಿರುವುದನ್ನು ನಾವು ಕಂಡಿರುವೆವು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. ಜನರು ಆ ಸ್ಥಳವನ್ನು ಮೋರೇರ ಗುಡ್ಡವೆನ್ನುವರು. ಹೆಸರಿನ ಸಾದೃಶ್ಯವನ್ನೂ ಕೊಪ್ಪಳದ ಅಶೋಕಶಾಸನಗಳನ್ನೂ ನೋಡಿ ಇವು ಮೌರ್ಯರವೆಂದು ಹೇಳುವ ಚಪಲವು ಯಾರಿಗಾದರೂ ಆದೀತು. ಆದರೆ ಅಂಥ ಸಮಾಧಿಗಳನ್ನು ಕಟ್ಟುವ ಪದ್ಧತಿಯು ಮೌರ್ಯರಿಗಿಂತ ಶತಮಾನಗಳಷ್ಟು ಹಿಂದಿನಿಂದಲೂ ಈ ನಾಡಿನಲ್ಲಿ ಇದ್ದಿತು. ಜನರ ಮಾತನ್ನು ಜನರ ಮಾತೆಂದು ದಾಖಲಿಸುವುದು ಇತಿಹಾಸಕಾರನ ಕರ್ತವ್ಯ. ಅದನ್ನು ಪ್ರಮಾಣವೆಂದು ಅಚ್ಚು ಹಾಕುವುದು ಅಕಾರ್ಯ.

ಮತಭೇದವಿರುವಲ್ಲಿ ಪತ್ರಿಕೆಯು ಎರಡು ಪಕ್ಷಗಳಿಗೂ ಎಡೆ ಕೊಡಬೇಕು. ಹನ್ನೊಂದನೆಯ ಶತಮಾನದ ನಡುವೆ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದ ಕೊಪ್ಪಂ ಎಂಬ ರಣಭೂಮಿಯು ಕೃಷ್ಣಾತೀರದ ಖಿದ್ರಾಪುರವೆಂದು ಫ್ಲೀಟ್ ಸಾಹೇಬರು ಹೇಳಿದರೆ, ಕೊಪ್ಪಳವೆಂದು ಬೇರೆ ವಿದ್ವಾಂಸರು ಹೇಳಿದರು. ನಮ್ಮ ಸೀಮೆಯ ಅಭಿಮಾನವು ಎರಡನೆಯದರ ಕಡೆಗೆ ಎಳೆಯುವುದು ಸಹಜ; ಆದರೆ ಚೋಳರ ಶಾಸನಗಳು ಕೊಪ್ಪಂ ಒಂದು ಮಹಾನದಿಯ ದಡದಲ್ಲಿದ್ದಿತೆಂದು ಹೇಳುವಾಗ, ತುಂಗಭದ್ರೆಯು ಕೊಪ್ಪಳದಿಂದ ಕೆಲವು ಹರಿದಾರಿ ದೂರದಲ್ಲಿರುವುದನ್ನು ಮರೆಮಾಡುವ ಹಾಗಿಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ರೈಸ್ ಸಾಹೇಬರಿಗೂ ಫ್ಲೀಟರಿಗೂ ನಡೆದ ವಾದವು ಇದಕ್ಕಿಂತ ಕಟುವಾಗಿದ್ದಿತು. 1872ರಲ್ಲಿ ರೈಸರು ಪ್ರಕಟಿಸಿದ ಮಡಿಕೇರಿಯ ತಾಮ್ರಪಟವನ್ನು ಫ್ಲೀಟರು ಕೂಟಶಾಸನವೆಂದು ತಳ್ಳಿಹಾಕಿದರು. ಕೂಟಶಾಸನವನ್ನು ಬರೆದವನ ಪಾಪವು ಅವನ ಕಾಲಕ್ಕೆ ಮುಗಿಯಿತು. ಅದನ್ನು ಪರೀಕ್ಷಿಸದೆ ಅಚ್ಚು ಹಾಕಿದವನದು ಓದುಗರಿರುವವರೆಗೂ ಬೆಳೆಯುವುದು. ಆದರೂ ರೈಸರು ಮೂಲವನ್ನು ಬೆಳಕಿಗೆ ತಂದುದರಿಂದಲೇ ಫ್ಲೀಟರ ಪರೀಕ್ಷೆಯು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಅದೇ ಫ್ಲೀಟರು ಕೂಡಿಸಿದ ಪಡಿಯಚ್ಚುಗಳನ್ನು ಆಧರಿಸಿ ಬಾರ್ನೆಟ್ಟರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅನೇಕ ಕನ್ನಡ ಶಾಸನಗಳನ್ನು ಸಂಪಾದಿಸಿದರು. ಯಲಬುರ್ಗಿ ಸೀಮೆಯ ಇಟಗಿಯ ಮಹಾದೇವಾಲಯದ 1112ನೆಯ ಇಸವಿಯ ಶಾಸನವನ್ನು ಆ ಪತ್ರಿಕೆಯಲ್ಲಿ ಪ್ರಕಟಿಸಿದವರೂ ಅವರೇ.

ಪರರ ಬರಹವನ್ನು ಕದಿಯುವ ವಿಷಯವು ನಮ್ಮವರಿಗೆ ಹೊಸದಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳಿಗೆ ಮೂರು ಅಧ್ಯಾಯಗಳನ್ನೇ ಮೀಸಲಿಟ್ಟು, ಪದ, ಪಾದ, ಅರ್ಧ, ವೃತ್ತ, ಪ್ರಬಂಧಗಳೆಂದು ಶಬ್ದಹರಣವನ್ನು ಐದಾಗಿ ವಿಂಗಡಿಸಿದನು. ಕವಿಗಳಲ್ಲಿ ಕಳ್ಳನಲ್ಲದವನಿಲ್ಲವೆಂದು ನಗುತ್ತಲೇ ಒಪ್ಪಿಕೊಂಡನು. ಆ ರಿಯಾಯಿತಿಯು ಕವಿಗೆ ಸಲ್ಲುವುದು, ಶಾಸ್ತ್ರಕಾರನಿಗೆ ಸಲ್ಲದು. ಕವಿಯಿಂದ ನಾವು ಬೇಡುವುದು ರಸವನ್ನು; ಸಂಶೋಧಕನಿಂದ ಬೇಡುವುದು ಪ್ರಮಾಣವನ್ನು. ಮೂಲವಿಲ್ಲದುದನ್ನು ಬರೆಯೆನೆಂದು ಮಲ್ಲಿನಾಥನು ಮಾಡಿದ ಪ್ರತಿಜ್ಞೆಯಲ್ಲಿ ಮೂಲವನ್ನು ಹೇಳದೆ ಬರೆಯೆನೆಂಬುದೂ ಅಡಕವಾಗಿರುವುದು.

1997ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಗಳ ಸಂಪಾದಕರು ಕೂಡಿ ಪ್ರಕಟನಾನೀತಿಯ ಸಮಿತಿಯೊಂದನ್ನು ಕಟ್ಟಿಕೊಂಡರು. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯದ ನಿಯಮಗಳನ್ನು ಹೊರಡಿಸಿತು. ಅದರಂತೆ ನೂರಕ್ಕೆ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದಕ್ಕೆ ಮೇಲ್ಪಟ್ಟು 40, 60 ಎಂಬ ಮೆಟ್ಟಿಲುಗಳಲ್ಲಿ ದಂಡವು ಏರುವುದು. ನಿಯಮವು ಬೇಕಾದುದೇ, ಆದರೆ ಶಾಸನದ ವಿಷಯದಲ್ಲಿ ಈ ಅಳತೆಗೋಲು ತಲೆಕೆಳಗಾಗುವುದು. ಒಂದೇ ಕಲ್ಲನ್ನು ಇಬ್ಬರು ಪ್ರಾಮಾಣಿಕರು ಬೇರೆಬೇರೆಯಾಗಿ ಓದಿದರೆ ಅವರ ಪಾಠಗಳು ಒಂದೇ ಆಗಿರಬೇಕು. ಯಂತ್ರವು ಅವರನ್ನು ಕಳ್ಳರೆನ್ನುವುದು. ಬೆಟ್ಟವನ್ನೇ ಹತ್ತದೆ ಇನ್ನೊಬ್ಬನ ಪಾಠದಿಂದ ತಾತ್ಪರ್ಯವನ್ನು ತೆಗೆದು ತನ್ನ ಮಾತಿನಲ್ಲಿ ಬರೆದವನು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅವನನ್ನು ಹಿಡಿಯುವ ಉಪಾಯವು ಬೇರೆ: ಹಿಂದಿನವನ ಅಚ್ಚಿನ ತಪ್ಪು ಅವನ ಪಾಠದಲ್ಲಿಯೂ ಇರುವುದು. ಕಲ್ಲಿನಲ್ಲಿಲ್ಲದ ತಪ್ಪು ಇಬ್ಬರಿಗೂ ಕಲ್ಲಿನಿಂದ ಬರಲಾರದಷ್ಟೆ. ಇದನ್ನು ಕಾಣಲು ಕಲ್ಲನ್ನು ಬಲ್ಲ ಪರಿಶೀಲಕನೇ ಬೇಕು.

ಅಂಥ ಪರಿಶೀಲಕರಿಲ್ಲದ ಪತ್ರಿಕೆಗಳು ಈಗ ಹೆಚ್ಚಿರುವುವು. ಅಧ್ಯಾಪಕರ ಬಡ್ತಿಗೆ ಪ್ರಕಟಿತ ಲೇಖನಗಳ ಲೆಕ್ಕ ಬೇಕಾದುದರಿಂದ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ವ್ಯಾಪಾರವು ಹುಟ್ಟಿಕೊಂಡಿತು. ನಮ್ಮ ಲೇಖನವೊಂದನ್ನು ಹೀಗೆಯೇ ಒಂದು ಪತ್ರಿಕೆಗೆ ಕಳುಹಿಸಿದಾಗ ಎರಡೇ ದಿನದಲ್ಲಿ ಸ್ವೀಕೃತವಾಯಿತೆಂಬ ಉತ್ತರವೂ, ಶುಲ್ಕದ ವಿವರವೂ ಬಂದುವು. ಕುಷ್ಟಗಿಯ ಕಡೆಯ ವೀರಗಲ್ಲೊಂದರ ಆ ಪಾಠವನ್ನು ಎರಡು ದಿನದಲ್ಲಿ ಪರಿಶೀಲಿಸಿದ ಮಹಾನುಭಾವರು ಯಾರೆಂದು ಕೇಳಿದುದಕ್ಕೆ ಮಾತ್ರ ಉತ್ತರ ಬರಲಿಲ್ಲ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲೆಂದು ಆಯೋಗವು 2019ರಲ್ಲಿ 'ಕೇರ್' ಎಂಬ ಪಟ್ಟಿಯನ್ನು ಹೊರಡಿಸಿ, 2025ರಲ್ಲಿ ಅದನ್ನು ಕೈಬಿಟ್ಟು, ಆರಿಸುವ ಹೊಣೆಯನ್ನು ಸಂಸ್ಥೆಗಳಿಗೂ ಲೇಖಕರಿಗೂ ಬಿಟ್ಟಿರುವುದು. ಹೊಣೆಯು ಇರಬೇಕಾದ ಸ್ಥಳಕ್ಕೇ ಮರಳಿತೆಂದು ನಾವು ಭಾವಿಸುವೆವು. ಹೊರುವವರು ಎಷ್ಟು ಜನವೆಂಬುದು ಬೇರೆ ಪ್ರಶ್ನೆ.

ನಮ್ಮ ಸೀಮೆಗೆ ಇದು ತುರ್ತಿನ ವಿಷಯವಾಗಿರುವುದಕ್ಕೆ ವಿಶೇಷ ಕಾರಣವುಂಟು. ಕುಷ್ಟಗಿಯಿಂದ ಇಳಕಲ್ಲಿನವರೆಗೆ ಕೆಂಪು ಕಲ್ಲಿನ ಗಣಿಗಳು ಹಬ್ಬಿರುವುವು. ಬಂಡೆಯು ಹಲಗೆಯಾಗಿ ಕೊಯ್ಯಲ್ಪಟ್ಟು ಹಡಗನ್ನೇರುವ ಕಾಲವಿದು. ಊರೊಳಗಣ ಶಾಸನಗಳು ಹೊಲದ ಬದುವಿಗೂ ಕಟ್ಟೆಯ ತಳಕ್ಕೂ ಸೇರುವುವು. ಸುಣ್ಣ ಬಣ್ಣಗಳಲ್ಲಿ ಹೂಳುವುವು. ಕಲ್ಲು ಹೋದ ದಿನ ಅಚ್ಚಾದ ಪಾಠವೇ ಕಲ್ಲು. ಆಗ ಅದರಲ್ಲಿ ಕಲ್ಪಿಸಿ ಸೇರಿಸಿದ ಒಂದು ಅಕ್ಷರವನ್ನು ತೆಗೆಯಲು ಯಾವ ವಿದ್ವಾಂಸನಿಂದಲೂ ಆಗದು.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೊಪ್ಪಳ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ತಂದು ದೊಡ್ಡ ಉಪಕಾರ ಮಾಡಿರುವುದು. ಇನ್ನು ಆಗಬೇಕಾದ ಕೆಲಸವೆಂದರೆ, 1935ರ ಪಾಠಗಳನ್ನೂ ಈ ಸಂಪುಟದ ಪಾಠಗಳನ್ನೂ ಕೈಯಲ್ಲಿ ಹಿಡಿದು, ಉಳಿದಿರುವ ಕಲ್ಲುಗಳ ಮುಂದೆ ನಿಂತು, ಓರೆಬಿಸಿಲು ಬೀಳುವ ಬೆಳಗು ಸಂಜೆಗಳಲ್ಲಿ ಒಂದೊಂದು ಅಕ್ಷರವನ್ನೂ ತಾಳೆ ನೋಡುವುದು. ಭೇದವು ಕಂಡಲ್ಲಿ ಹಿಂದಿನವರ ಹೆಸರು ಹೇಳಿ, ಹೊಸ ಪಡಿಯಚ್ಚಿನ ಚಿತ್ರದೊಡನೆ, ಅದನ್ನು ತೆಗೆದವರ ಹೆಸರನ್ನೂ ಸೇರಿಸಿ ಪತ್ರಿಕೆಯಲ್ಲಿ ಪ್ರಕಟಿಸುವುದು. ಪಾಲ್ಕಿಗುಂಡಿನಿಂದ ಮೊದಲುಮಾಡುವುದು ಯುಕ್ತ. ಅಲ್ಲಿಯ ಅಕ್ಷರಗಳು ಮಿಕ್ಕವುಗಳಷ್ಟು ದಿನ ಕಾಯಲಾರವು.